ಸಿನಿಮಾ ಹಾಡಿನ ಅಡಿಯಲ್ಲಿದ್ದ ಅತ್ತೆ

ಕಂಪ್ಯೂಟರ್ ಪಾಠ ಮಾಡುವವನಿಗೆ ಹೆಣ್ಣು ಕೊಟ್ಟ ಮನೆಯಲ್ಲಿ, ಕರೆಂಟಿನಿಂದ ಓಡುವ ಯಾವ ವಸ್ತು ಕೆಟ್ಟರೂ ಫೋನ್ ಬರುವುದು ಅಳಿಯನಿಗೇ. ಮಿಕ್ಸಿ ಸುತ್ತಲಿಲ್ಲ, ಫೋನ್. ಬೋರಿನ ಸ್ಟಾರ್ಟರ್ ಕಚ್ಚಿಕೊಂಡಿತು, ಫೋನ್. ಟಿ.ವಿ.ಯಲ್ಲಿ ಕನ್ನಡದ ಚಾನೆಲ್ ಹೋಗಿ ಯಾರೋ ಬಂಗಾಳಿಯವರು ಮೀನು ಹುರಿಯುತ್ತಿದ್ದಾರೆ, ಫೋನ್. ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸುವವನು, ರಿಪೇರಿಯವನಲ್ಲ ಅಂತ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಗೊತ್ತು ಬಿಡಿ, ಅದಕ್ಕೇ ನಿಮಗೆ ಮಾಡಿದ್ದು ಅನ್ನುತ್ತಾರೆ.

ಇಂಥವು ನಡೆಯುತ್ತಲೇ ಇರುತ್ತವೆ. ನಕ್ಕು ಮರೆತುಬಿಡುತ್ತೇನೆ. ಆದರೆ ಕಳೆದ ವರ್ಷದ ಫಜೀತಿಯೊಂದನ್ನು ಮರೆಯಲಾಗುತ್ತಿಲ್ಲ. ನೆನೆಸಿಕೊಂಡಾಗಲೆಲ್ಲ ನಗು ಬರುತ್ತದೆ, ಆ ನಗು ಮುಗಿಯುವುದರೊಳಗೆ ಛೇ ಅನ್ನಿಸುತ್ತದೆ. ಎರಡನ್ನೂ ಬಿಡಿಸಿ ಇಡಲು ಬರದ್ದರಿಂದ ಒಟ್ಟಿಗೇ ಹೇಳುತ್ತೇನೆ.

ಅಕ್ಕಿ ಡಬ್ಬಿಯ ಪೆನ್‌ಡ್ರೈವ್

ನಮ್ಮ ಅತ್ತೆ ಇರುವುದು ಸೊರಬ ತಾಲ್ಲೂಕಿನ ಜಡೆಯಲ್ಲಿ, ಹಿರಿಯ ಮಗಳು ಮತ್ತು ದೊಡ್ಡ ಅಳಿಯನ ಜೊತೆ. ದೊಡ್ಡ ಅಳಿಯ ಎಂದರೆ ನನ್ನ ಷಡ್ಡಕ. ಊರಲ್ಲಿ ಅವರದು ಗೊಬ್ಬರದ ಅಂಗಡಿ. ಆ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಅರಿಶಿನ ಶಾಸ್ತ್ರಕ್ಕೆ ಸೋಬಾನೆ ಪದ ಹೇಳುವವರು ನಮ್ಮ ಅತ್ತೆಯೇ. ಅವರು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಹಿಂದಿನಿಂದ ಹೇಳಬೇಕು. ಮೈಕ್ ಬೇಡ, ಏನೂ ಬೇಡ, ಹಂದರದ ಹೊರಗೆ ಬೀಡಿ ಸೇದುತ್ತಾ ನಿಂತ ಗಂಡಸರಿಗೂ ಒಳಗೆ ಯಾವ ಪದ ನಡೆದಿದೆ ಅಂತ ತಿಳಿಯುತ್ತಿತ್ತು. ಅವರು ಫೋನ್ ಮಾಡಿದರೆ ನಾನು ಮೊಬೈಲನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದೆ, ಆಗಲೂ ಪಕ್ಕದಲ್ಲಿ ಕೂತವರು ನನಗಿಂತ ಮುಂಚೆ ನಗುತ್ತಿದ್ದರು. ಆಮೇಲೆ ಗಂಟಲಿನ ಕಾಯಿಲೆ ಬಂತು, ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಈಗ ಬರುವುದು ಬರೀ ಉಸಿರಿನ ಪಿಸುಮಾತು. ಅದು ಹೆಣ್ಣುಮಕ್ಕಳಿಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಅಂಥವರು ಆಷಾಢದಲ್ಲಿ ಒಂದು ದಿನ ಸೊರಬದ ಮೇಲೆ ಬಸ್ಸು ಹಿಡಿದು ಶಿಕಾರಿಪುರಕ್ಕೆ, ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಅಕ್ಕಿ. ಅಕ್ಕಿಯೊಳಗೆ ಕೈಯಾಡಿಸಿ ಒಂದು ಪೆನ್‌ಡ್ರೈವ್ ತೆಗೆದು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ನಮ್ಮದೇ ಮದುವೆಯ ವಿಡಿಯೋ. ಒಂದು ದಿನ ಟಿ.ವಿ.ಗೆ ಹಾಕಿದಾಗ ಓಡುತ್ತಿರುವಾಗಲೇ ಯಾರೋ ಎಳೆದುಬಿಟ್ಟರಂತೆ, ಅಂದಿನಿಂದ ತೆರೆಯುತ್ತಿಲ್ಲ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿಟ್ಟರೆ ಸರಿಯಾಗುತ್ತದೆ ಅಂತ ಷಡ್ಡಕರು ಎಲ್ಲೋ ಕೇಳಿದ್ದರು. ಇದು ನೀರಿಗೆ ಬಿದ್ದಿಲ್ಲವಲ್ಲ ಅಂದರೆ, ಇರಲಿ, ಅಕ್ಕಿಯಿಂದ ಕೆಡುಕೇನೂ ಇಲ್ಲ ಅಂದರಂತೆ. ನಾನು ಆ ಪೆನ್‌ಡ್ರೈವ್‌ಗೆ ಮಾಡಿದ ಮೊದಲ ರಿಪೇರಿ ಎಂದರೆ ಹೆಂಡತಿಯ ಸೂಜಿ ತಗೊಂಡು ಬಾಯಲ್ಲಿ ಸಿಕ್ಕಿದ್ದ ಒಂದು ನುಚ್ಚು ತೆಗೆದದ್ದು.

ವಿಷಯ ಇಷ್ಟು. ಷಡ್ಡಕರ ಮಗಳ, ಅಂದರೆ ಅತ್ತೆಯ ಮೊದಲ ಮೊಮ್ಮಗಳ ಮದುವೆ ಕಾರ್ತೀಕ ಕಳೆದ ಮೇಲೆ ಅಂತ ನಿಶ್ಚಯವಾಗಿತ್ತು. ಊರಿನ ಹೆಣ್ಣುಮಕ್ಕಳಿಗೆಲ್ಲ ಹಾಡಿದವರಿಗೆ ಸ್ವಂತ ಮೊಮ್ಮಗಳಿಗೆ ಹಾಡಲು ಗಂಟಲಿಲ್ಲ. ನಮ್ಮ ಮದುವೆಯ ಅರಿಶಿನ ಶಾಸ್ತ್ರದಲ್ಲಿ ಅವರು ಹಾಡುವುದನ್ನು ಕ್ಯಾಮೆರಾದವನು ಹಿಡಿದಿದ್ದ. ಆ ದನಿಯನ್ನೇ ಮೊಮ್ಮಗಳ ಶಾಸ್ತ್ರಕ್ಕೆ ಹಾಕಿಸಬೇಕು. ಅದೊಂದೇ ಆಸೆ.

ಆದರೆ ಆ ವಿಡಿಯೋ ನಾನು ನೋಡಿದ್ದೆ. ಅತ್ತೆ ಬಾಯಿ ತೆರೆದು ಹಾಡುತ್ತಾರೆ, ಕೇಳುವುದು ಮಾತ್ರ ಸಿನಿಮಾದ ಹಾಡು. ನಮ್ಮ ಕಡೆ ಮದುವೆ ವಿಡಿಯೋಗೆ ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ಹೊದಿಸದಿದ್ದರೆ ಅದು ವಿಡಿಯೋ ಅನ್ನಿಸಿಕೊಳ್ಳುವುದೇ ಇಲ್ಲ. ತಾಳಿ ಕಟ್ಟುವಾಗ ಒಂದು, ಊಟಕ್ಕೆ ಒಂದು, ಹೆಣ್ಣು ಕಳಿಸುವಾಗ ಅಳುವ ಹಾಡು ಒಂದು. ಅತ್ತೆ ಪಿಸುಗುಟ್ಟಿದ್ದನ್ನು ನನ್ನ ಹೆಂಡತಿ ಹೇಳಿದಳು: ಮೇಲಿನ ಸಿನಿಮಾ ಹಾಡು ತೆಗೆದರೆ ಅಡಿಯಲ್ಲಿ ತನ್ನ ಹಾಡು ಇರಲೇಬೇಕಲ್ಲ ಅಂತ ಕೇಳುತ್ತಿದ್ದಾರೆ.

ಮೇಷ್ಟ್ರ ಬುದ್ಧಿ, ಪಾಠಕ್ಕೆ ನಿಂತೆ. ಹಾಲಿಗೆ ಡಿಕಾಕ್ಷನ್ ಬೆರೆಸಿದ ಮೇಲೆ ಹಾಲು ಬೇರೆ, ಡಿಕಾಕ್ಷನ್ ಬೇರೆ ಮಾಡೋಕೆ ಬರುತ್ತಾ ಅತ್ತೆ, ಇದೂ ಹಾಗೆಯೇ ಅಂದೆ. ಅತ್ತೆ ಮಗಳ ಕಿವಿಯಲ್ಲಿ ಏನೋ ಅಂದರು. ಹೆಂಡತಿ ನಗು ತಡೆದುಕೊಂಡು ಹೇಳಿದಳು:

“ಕೆನೆ ತೆಗಿಯೋದಾದ್ರೂ ಅವ್ರಿಗೆ ಗೊತ್ತಾ ಕೇಳು ಅಂತಿದಾರೆ.”

ಭಾಷಣದ ಬಾಯಲ್ಲಿ ಡ್ಯುಯೆಟ್

ವಿಡಿಯೋ ಮಾಡಿದ್ದು ಸೊರಬದ ಒಂದು ಸ್ಟುಡಿಯೋ. ಮೂಲ ಚಿತ್ರೀಕರಣ ಅಲ್ಲೇನಾದರೂ ಉಳಿದಿದೆಯೋ ಅಂತ ಕೇಳಲು ಹೋದೆ. ಸ್ಟುಡಿಯೋದವರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಗೋಡೆಯ ಮೇಲಿನ ನವದಂಪತಿಗಳು ಮಾತ್ರ ಹಾಗೆಯೇ ಇದ್ದಾರೆ. ಹಳೇ ಹಾರ್ಡ್‌ಡಿಸ್ಕ್ ಎಲ್ಲ ಎಂದೋ ಅಳಿಸಿ ಹೊಸ ಮದುವೆ ತುಂಬಿಸಿಬಿಟ್ಟಿದ್ದೇವೆ ಅಂದರು. ಎದ್ದು ಹೊರಟಿದ್ದೆ. ಆಗ ಅವರು, ಪೆನ್‌ಡ್ರೈವ್‌ನಲ್ಲಿರೋದು ಎಂ.ಕೆ.ವಿ. ಫೈಲಾ ಅಂತ ಕೇಳಿದರು. ಹೌದು ಅಂದೆ.

“ಹಂಗಾದ್ರೆ ಕೂತ್ಕೊಳ್ಳಿ ಮಾರಾಯ್ರೆ. ನಿಮ್ಮತ್ತೆ ದನಿ ಅದ್ರೊಳಗೇ ಇರ್ತದೆ.”

ಕಥೆ ಹೀಗೆ. ನಮ್ಮ ಮದುವೆಗಿಂತ ಸ್ವಲ್ಪ ಮುಂಚೆ ಅವರು ಒಂದು ಮದುವೆ ಮಾಡಿದ್ದರು. ಅಲ್ಲಿ ಹುಡುಗಿಯ ದೊಡ್ಡಪ್ಪ, ಊರಿಗೆ ದೊಡ್ಡ ಮನುಷ್ಯರು, ವಧೂವರರಿಗೆ ಅರ್ಧ ಗಂಟೆ ಆಶೀರ್ವಾದದ ಭಾಷಣ ಮಾಡಿದರು. ಎಡಿಟಿಂಗ್‌ನಲ್ಲಿ ಅದರ ಮೇಲೆ ಒಂದು ಡ್ಯುಯೆಟ್ ಬಂದು ಕೂತಿತು. ನೆಂಟರನ್ನೆಲ್ಲ ಕೂರಿಸಿಕೊಂಡು ವಿಡಿಯೋ ಹಾಕಿದರೆ, ದೊಡ್ಡಪ್ಪ ಪಂಚೆ ಉಟ್ಟು, ಬೆರಳು ಎತ್ತಿ, ಹುಬ್ಬು ಗಂಟಿಕ್ಕಿ, ನಲ್ಲೆಯ ಸೊಂಟವನ್ನು ವರ್ಣಿಸುತ್ತಿದ್ದಾರೆ. ಮರುದಿನವೇ ದೊಡ್ಡಪ್ಪ ಸ್ಟುಡಿಯೋ ಬಾಗಿಲಿಗೆ ಬಂದರು. ನನ್ನ ಮಾತು ನನಗೆ ವಾಪಸ್ ಕೊಡು ಅಂತ ಹಟ ಹಿಡಿದು ಕೂತರು. ಕೊಡಲು ಇರಲಿಲ್ಲ. ಅಂದಿನಿಂದ ಸ್ಟುಡಿಯೋದವರು ಪ್ರತಿ ಮದುವೆಗೂ ಸಿನಿಮಾ ಹಾಡಿನ ಜೊತೆಗೆ ಅಸಲಿ ಸದ್ದನ್ನೂ ಅದೇ ಫೈಲಿನಲ್ಲಿ ಬೇರೆಯಾಗಿ ಇಡತೊಡಗಿದರು. ಟಿ.ವಿ. ಮೊದಲನೆಯದನ್ನು ಮಾತ್ರ ನುಡಿಸುತ್ತದೆ. ಎರಡನೆಯದು ಇದೆ ಅಂತ ಗಿರಾಕಿಗಳಿಗೆ ಅವರು ಹೇಳುವುದೂ ಇಲ್ಲ, ಜಗಳ ಬಂದರೆ ಮಾತ್ರ ತೆಗೆಯುವುದು.

ಇಲ್ಲಿ ಎರಡು ಮಾತು ಹೇಳಬೇಕು. ಎಂ.ಕೆ.ವಿ. ಅಂದರೆ ವಿಡಿಯೋ ಅಲ್ಲ, ವಿಡಿಯೋ ತುಂಬಿಡುವ ಪಾತ್ರೆ. ನಮ್ಮ ಊಟದ ಕ್ಯಾರಿಯರ್ ಇದ್ದ ಹಾಗೆ. ಒಂದು ಡಬ್ಬದಲ್ಲಿ ಚಿತ್ರ, ಮೇಲಿನದರಲ್ಲಿ ಸಿನಿಮಾ ಹಾಡು, ಅಡಿಯದರಲ್ಲಿ ಅಸಲಿ ದನಿ. ರಷ್ಯದಲ್ಲಿ ಗೊಂಬೆಯೊಳಗೆ ಗೊಂಬೆ ಕೂರಿಸುತ್ತಾರಲ್ಲ, ಆ ಗೊಂಬೆಯ ಹೆಸರಿನಿಂದಲೇ ಇದಕ್ಕೂ ಹೆಸರಿಟ್ಟಿದ್ದಾರೆ. ನಮ್ಮ ಕ್ಯಾರಿಯರಿನ ಹಿಡಿಕೆ ಸೊಟ್ಟಗಾಗಿ ಯಾವ ಡಬ್ಬವೂ ಕಳಚುತ್ತಿರಲಿಲ್ಲ, ಅಷ್ಟೇ. ಬೆರೆತ ಡಿಕಾಕ್ಷನ್ ಅಂತ ನಾನು ಹೇಳಿದ್ದು ಶುದ್ಧ ಸುಳ್ಳಾಗಿತ್ತು, ಅತ್ತೆ ಅಂದದ್ದೇ ಸರಿ.

ಆ ದೊಡ್ಡಪ್ಪನಿಗೆ ನಾನು ಋಣಿ ಅಂದೆ. ಅವರು ಈಗಿಲ್ಲ, ಹೋದ ವರ್ಷ ಹೋದರು ಅಂದರು ಸ್ಟುಡಿಯೋದವರು, ಸ್ವಲ್ಪ ಬೇಜಾರಿನಿಂದಲೇ.

“ಮನೆಯವ್ರು ವೈಕುಂಠದ ದಿನ ಹಾಕೋಕೆ ಅವರದ್ದೊಂದು ವಿಡಿಯೋ ಬೇಕು ಅಂತ ಬಂದಿದ್ರು. ಅವ್ರ ಹತ್ರ ಉಳಿದಿದ್ದು ಆ ಡ್ಯುಯೆಟ್ ಒಂದೇ, ಏನು ಮಾಡ್ಲಿ ಹೇಳಿ.”

ಸಂಶೋಧನೆ

ಮುರಿದ ಫೈಲಿನಿಂದ ಉಳಿದದ್ದನ್ನು ಎತ್ತಲು ಒಂದು ಸಾಫ್ಟ್‌ವೇರ್ ಬೇಕು. ಅದು ಕೆಲಸ ಮಾಡಲು ಈ ಡಬ್ಬಗಳನ್ನು ಬಿಚ್ಚಲು ಬಲ್ಲ ಒಂದು ಲೈಬ್ರರಿ ಬೇಕು. ಲೈಬ್ರರಿ ಎಂದರೆ ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ ಪ್ರೋಗ್ರಾಮುಗಳ ಕಟ್ಟು. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಇದ್ದ ಕಟ್ಟು ಹಳೆಯದು, ಮುರಿದ ಫೈಲು ಕಂಡರೆ ಮುಖ ತಿರುಗಿಸುತ್ತಿತ್ತು. ಹೊಸದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಇಳಿಸಿಕೊಂಡು ನೀವೇ ಕಟ್ಟಿಕೊಳ್ಳಿ, ತುಂಬಾ ಸುಲಭ, ಮೂರು ಆಜ್ಞೆ ಸಾಕು ಅಂತ ಅದರ ಜೊತೆಗಿನ ಸೂಚನೆಯಲ್ಲಿ ಬರೆದಿತ್ತು. ಬರೆದವರು ಎಲ್ಲಿದ್ದರೂ ಚೆನ್ನಾಗಿರಲಿ, ನನಗೆ ಮಾತ್ರ ಸಿಗದಿರಲಿ.

ಮೊದಲ ಆಜ್ಞೆ ಕೊಟ್ಟೆ. ಇದಕ್ಕಿಂತ ಮುಂಚೆ ಇನ್ನೊಂದು ಸಣ್ಣ ಲೈಬ್ರರಿ ಹಾಕಿ ಬನ್ನಿ ಅಂದಿತು. ಅದಕ್ಕೆ ಹೋದರೆ, ಕಟ್ಟುವ ಸಲಕರಣೆ ಹಳೆಯದು, ಹೊಸದು ತನ್ನಿ ಅಂದಿತು. ಸಲಕರಣೆಗೆ ಹೋದರೆ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹಳೆಯದು. ಕಂಪೈಲರಿಗೆ ಹೋದರೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಇಡೀ ವ್ಯವಸ್ಥೆಯೇ ಹಳೆಯದು. ಪಹಣಿ ತಿದ್ದಿಸಲು ಹೋದವನನ್ನು ಪೋಡಿಗೆ, ಪೋಡಿಗೆ ಹೋದವನನ್ನು ಸರ್ವೆಗೆ, ಸರ್ವೆಗೆ ಹೋದವನನ್ನು ಮೊದಲು ಪಹಣಿ ಸರಿಮಾಡಿಸಿ ಬನ್ನಿ ಅಂತ ಕಳಿಸುವುದನ್ನು ನೋಡಿದ್ದೇನಾದ್ದರಿಂದ ನನಗೆ ಇದು ಹೊಸದೇನೂ ಅಲ್ಲ. ಆದರೆ ತಾಲ್ಲೂಕು ಕಚೇರಿಯಲ್ಲಿ ಬೈಯಲು ಎದುರಿಗೆ ಒಬ್ಬ ಮನುಷ್ಯನಾದರೂ ಇರುತ್ತಾನೆ.

ಒಂದು ಮಧ್ಯಾಹ್ನ ಎಲ್ಲ ಒಂದು ಹದಕ್ಕೆ ಬಂದು ಕಂಪೈಲ್ ಆಗತೊಡಗಿತು. ಪರದೆಯ ಮೇಲೆ ಸಾಲು ಸಾಲು ಇಂಗ್ಲಿಷು ಸರಸರ ಮೇಲೇರುತ್ತಿತ್ತು. ಅದೇ ಹೊತ್ತಿಗೆ ಕಾಲೇಜು ನೋಡಲು ಬಂದಿದ್ದ ಸಮಿತಿಯವರನ್ನು ಕರೆದುಕೊಂಡು ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ಸಮಿತಿಯವರು ಆ ಓಡುವ ಸಾಲುಗಳ ಮುಂದೆ ನಿಂತುಬಿಟ್ಟರು. ಪ್ರಿನ್ಸಿಪಾಲರ ಎದೆ ಉಬ್ಬಿತು. ನಮ್ಮಲ್ಲಿ ಸಂಶೋಧನೆ ಸತತವಾಗಿ ನಡೀತಿರತ್ತೆ ಅಂದರು. ಯಾವ ವಿಷಯದ ಮೇಲೆ ಅಂತ ಸಮಿತಿಯವರು ನನ್ನ ಕಡೆ ತಿರುಗಿದರು.

ನನ್ನ ಅತ್ತೆಯ ಮೇಲೆ ಅನ್ನಲಾದೀತೇ. ಜಾನಪದ ಗೀತೆಗಳ ಡಿಜಿಟಲ್ ಸಂರಕ್ಷಣೆ ಅಂದೆ. ಬಾಯಿಂದ ಹೇಗೆ ಬಂತೋ ಬಂತು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಹಳ ಒಳ್ಳೆಯ ವಿಷಯ ಅಂದರು. ಅಷ್ಟರಲ್ಲಿ ಸಾಲುಗಳು ಗಕ್ಕನೆ ನಿಂತವು. ಕೊನೆಯಲ್ಲಿ ಕೆಂಪಕ್ಷರದಲ್ಲಿ ‘ಎರರ್’ ಅಂತ ಬಂತು. ಅದರ ಕೆಳಗೆ ಅದೇ ಪದ ಇನ್ನೊಂದು, ಮತ್ತೊಂದು. ಇದೇನು ಅಂತ ಸಮಿತಿಯ ಹಿರಿಯರು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಪ್ರಿನ್ಸಿಪಾಲರು ಹೆಮ್ಮೆಯಿಂದ ಹೇಳಿದರು:

“ಅದು ರಿಸಲ್ಟ್ ಸಾರ್.”

ಮೊಬೈಲು ಹಾಡಿದ ಸೋಬಾನೆ

ದಸರೆಗೆ ಜಡೆಗೆ ಹೋದೆವು. ಆಗಿಲ್ಲ ಅಂತ ಅತ್ತೆಯ ಮುಖ ನೋಡಿ ಹೇಳಬೇಕಲ್ಲ, ಊಟ ಮುಗಿಯುವವರೆಗೆ ಮುಂದೂಡಿ ಆಮೇಲೆ ಹೇಳಿದೆ. ಷಡ್ಡಕರು ಬಾಳೆಲೆ ಮಡಿಚುತ್ತಾ, ಎಂಥಕೆ ಮಾರಾಯ್ರೆ ಅಷ್ಟು ಕಷ್ಟಪಡ್ತೀರಿ, ಈಗ ಮೊಬೈಲೇ ಹಾಡ್ತದೆ ಅಂದರು. ಅವರ ಅಂಗಡಿಗೆ ಬರುವ ಕಂಪನಿಯ ಹುಡುಗನೊಬ್ಬ ಕೃತಕ ಬುದ್ಧಿಯ ಆ್ಯಪ್ ಹಾಕಿಕೊಟ್ಟಿದ್ದನಂತೆ. ಯಾರ ದನಿಯ ಮಾದರಿ ಕೊಟ್ಟರೂ ಅವರ ದನಿಯಲ್ಲೇ ಏನು ಬೇಕಾದರೂ ಹಾಡುತ್ತದಂತೆ.

ಒಳ್ಳೆಯದೇ ಆಯಿತು, ಅತ್ತೆಯ ದನಿಯ ಮಾದರಿ ಕೊಡಿ ಅಂದೆ. ಅಲ್ಲೇ ಸಿಕ್ಕಿಬಿದ್ದದ್ದು. ಷಡ್ಡಕರ ಫೋನು ನೋಡಿದೆವು, ಅವರ ಹೆಂಡತಿ, ಅಂದರೆ ಅತ್ತೆಯ ಹಿರಿಮಗಳ ಫೋನು ನೋಡಿದೆವು, ನನ್ನದು, ನನ್ನ ಹೆಂಡತಿಯದು. ಹಬ್ಬದ ಕೋಸಂಬರಿಯ ಫೋಟೋ ಇದೆ, ಕರು ಹಾಕಿದ ಎಮ್ಮೆಯ ವಿಡಿಯೋ ಇದೆ, ಗೊಬ್ಬರದ ಚೀಲದ ಫೋಟೋಗಳಿಗಂತೂ ಲೆಕ್ಕವಿಲ್ಲ. ಅತ್ತೆಯ ಮಾತು ಒಂದೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಮನೆ ತುಂಬ ಮಾತಾಡುತ್ತಿದ್ದವರನ್ನು ಯಾರು ರೆಕಾರ್ಡ್ ಮಾಡಿಕೊಳ್ಳುತ್ತಾರೆ? ನಾವು ನಾಲ್ಕೂ ಜನ ಫೋನು ಕೆಳಗಿಟ್ಟೆವು. ಹಿರಿಮಗಳು, ಎಮ್ಮೆಗಿಂತ ಕಡೆಯಾಯ್ತಲ್ಲ ಅಂತ ಅಂದು ಒಳಗೆ ಹೋದರು.

ಷಡ್ಡಕರು ಸೋಲುವವರಲ್ಲ. ಆ್ಯಪ್‌ನಲ್ಲೇ ಇದ್ದ ‘ಹಿರಿಯ ಮಹಿಳೆ’ ಅನ್ನುವ ದನಿ ಆರಿಸಿ, ಸೋಬಾನೆಯ ನಾಲ್ಕು ಸಾಲು ಹೆಂಡತಿಯಿಂದ ಕೇಳಿ ಬರೆದು, ಹಾಡು ಮಾಡಿಸಿಯೇ ಬಿಟ್ಟರು. ಅತ್ತೆಯನ್ನು ಕರೆದು ಜಗಲಿಯಲ್ಲಿ ಕೂರಿಸಿ ಹಾಕಿದರು. ದನಿ ನುಣ್ಣಗೆ ಇತ್ತು, ಅಪಸ್ವರ ಇರಲಿಲ್ಲ, ಉಸಿರೇ ತೆಗೆದುಕೊಳ್ಳದೆ ಹಾಡಿತು. ಮದುಮಗಳಿಗೆ ಅರಿಶಿನ ಹಚ್ಚಿರಿ ಅನ್ನುವುದನ್ನು ಬಸ್‌ಸ್ಟ್ಯಾಂಡಿನಲ್ಲಿ ಹೊರಡುವ ಬಸ್ಸಿನ ಹೆಸರು ಹೇಳುವ ಧಾಟಿಯಲ್ಲಿ ಹೇಳಿತು. ಅತ್ತೆ ತಲೆಬಾಗಿಸಿ ಕೊನೆಯವರೆಗೆ ಮರ್ಯಾದೆಯಿಂದ ಕೇಳಿದರು. ಆಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. ಎಂಥ ಅಂತೆ ಅಂತ ಷಡ್ಡಕರು ಆಸೆಯಿಂದ ಕೇಳಿದರು.

“ಯಾರ ಮನೆ ಹೆಂಗ್ಸೋ ಪಾಪ, ಊಟ ಹಾಕಿ ಕಳ್ಸಿ ಅಂತಿದಾರೆ.”

ಮನೆಯಲ್ಲಿದ್ದೂ ಇಲ್ಲದವಳು

ಶಿಕಾರಿಪುರಕ್ಕೆ ಬಂದವನೇ ಲ್ಯಾಬಿನ ಒಂದು ಕಂಪ್ಯೂಟರಿಗೆ ವ್ಯವಸ್ಥೆಯನ್ನೇ ಹೊಸದಾಗಿ ಹಾಕಿದೆ. ಮತ್ತೆ ಸಣ್ಣ ಲೈಬ್ರರಿ, ಅದರ ಮೇಲೆ ದೊಡ್ಡ ಲೈಬ್ರರಿ. ಅರ್ಧ ಕಂಪೈಲ್ ಆಗಿರುವಾಗ ಕರೆಂಟು ಹೋಗುವುದು, ನಾನು ತಲೆ ಮೇಲೆ ಕೈಹೊತ್ತು ಕೂರುವುದು ನಡೆದೇ ಇತ್ತು. ಅಂಜನಾಪುರದ ಕಡೆಯ ಹೊಲಗಳಿಗೆ ತ್ರೀಫೇಸ್ ಕೊಡುವ ಹೊತ್ತಿಗೆ ನಮ್ಮ ಕಡೆ ತೆಗೆಯುತ್ತಾರೆ ಅಂತ ಜನ ಹೇಳಿದರು, ನಿಜವೋ ಸುಳ್ಳೋ ಗೊತ್ತಿಲ್ಲ, ಬೈಯಲಿಕ್ಕೆ ಒಂದು ದಿಕ್ಕು ಸಿಕ್ಕಿತು.

ಅತ್ತೆ ಆಗಾಗ ಫೋನ್ ಮಾಡುತ್ತಿದ್ದರು. ಪಿಸುಮಾತು ಫೋನಿನಲ್ಲಿ ಕೇಳಿಸುವುದಿಲ್ಲ, ಆದ್ದರಿಂದ ಉಗುರಿನಿಂದ ಫೋನಿನ ಮೇಲೆ ಟಕ್ ಟಕ್ ಅಂತ ಬಡಿಯುತ್ತಿದ್ದರು. ಆಯ್ತಾ ಅಂತ ಅರ್ಥ. ಇನ್ನೂ ಇಲ್ಲ ಅತ್ತೆ ಅಂದರೆ ಒಂದೇ ಸಲ ಟಕ್. ಸರಿ ಬಿಡಿ ಅಂತ. ಸ್ಟಾಫ್ ರೂಮಿನಲ್ಲಿ ಕೂತು ನಾನು ಹೀಗೆ ಇಲ್ಲ ಅತ್ತೆ, ನಾಳೆ ಅತ್ತೆ, ತಪ್ಪಾಯ್ತು ಅತ್ತೆ ಅನ್ನುತ್ತಿದ್ದರೆ ಪಕ್ಕದ ಮೇಜಿನ ಗಣಿತದ ಮೇಷ್ಟ್ರಿಗೆ ಆ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಮಾತೇ ಆಡದೆ ಹೆದರಿಸ್ತಾರಲ್ರೀ ಅಂದರು. ವಿಷಯ ಗೊತ್ತಿರಲಿಲ್ಲ ಪಾಪ, ನಾನೂ ಹೇಳಲಿಲ್ಲ. ಮೊಬೈಲು ಮಾತ್ರ ಕಿವಿಗೆ ಒತ್ತಿ ಹಿಡಿದಿದ್ದೆ. ಆ ಟಕ್ಕನ್ನು ಕೇಳಲು ಒಂದು ಗೇಣು ದೂರ ಹಿಡಿದರೆ ಆಗುತ್ತಿರಲಿಲ್ಲ.

ಕೊನೆಗೊಂದು ದಿನ ಎರರ್ ಇಲ್ಲದೆ ಎಲ್ಲ ಮುಗಿಯಿತು. ಲೈಬ್ರರಿ ಇನ್‌ಸ್ಟಾಲ್ ಆಗಿದೆ ಅಂತ ಪರದೆಯ ಮೇಲೆ ಬಂತು. ಹೆಂಡತಿಗೆ ಫೋನ್ ಮಾಡಿ ಲ್ಯಾಬಿಗೇ ಬಾ ಅಂದೆ. ಅವಳು ಬಂದು ಪಕ್ಕದಲ್ಲಿ ಕೂತಳು. ಸಾಫ್ಟ್‌ವೇರ್ ತೆರೆದೆ. ಅಂಥ ಲೈಬ್ರರಿ ಇಲ್ಲಿ ಇಲ್ಲ ಅಂದಿತು. ಅದು ಇರುವ ಫೋಲ್ಡರ್ ತೆರೆದು ನೋಡಿದೆ, ಕಣ್ಣೆದುರಿಗೇ ಇದೆ. ಮತ್ತೆ ಕೇಳಿದರೆ ಮತ್ತೆ ಇಲ್ಲ. ಎರಡು ದಿನ ಅದರ ಜೊತೆ ಜಗಳವಾಡಿದೆ. ಆಮೇಲೆ ಇಂಟರ್‌ನೆಟ್ಟಿನಲ್ಲಿ ಯಾರೋ ಬರೆದದ್ದು ಸಿಕ್ಕಿತು: ಸೋರ್ಸ್‌ನಿಂದ ಕಟ್ಟಿದ ಲೈಬ್ರರಿ ತಾನು ಬಂದಿದ್ದೇನೆ ಅಂತ ತಾನೇ ಹೇಳಿಕೊಳ್ಳುವುದಿಲ್ಲ. ಹೊಸಬರನ್ನು ದಾಖಲು ಮಾಡಿಕೋ ಅಂತ ವ್ಯವಸ್ಥೆಗೆ ಒಂದು ಪದದ ಆಜ್ಞೆ ಕೊಡಬೇಕು.

ಹೆಂಡತಿಗೆ ಇದನ್ನು ವಿವರಿಸಿದೆ. ಸೊಸೆ ಮನೆಗೆ ಬಂದು ಅಡಿಗೆ ಮಾಡ್ತಿದ್ರೂ ರೇಷನ್ ಕಾರ್ಡಿಗೆ ಹೆಸರು ಸೇರಿಸದಿದ್ರೆ ಸೊಸೈಟಿಯವನು ಅಂಥವರು ಯಾರೂ ಇಲ್ಲ ಅಂತಾನಲ್ಲ, ಹಾಗೆ ಅಂದೆ. ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದಳು.

“ನನ್ನ ಹೆಸರು ಸೇರ್ಸಿದೀರಾ?”

ನಮ್ಮ ರೇಷನ್ ಕಾರ್ಡು ಇವತ್ತಿಗೂ ನನ್ನ ಅಮ್ಮನ ಹೆಸರಲ್ಲೇ ಇದೆ, ಹೆಂಡತಿಯ ಹೆಸರು ಅದರಲ್ಲಿಲ್ಲ. ಅದು ಬೇರೆ ಕಥೆ, ಅದಕ್ಕೆ ಎರರ್ ಕೂಡ ತೋರಿಸುವುದಿಲ್ಲ.

ಅಡಿಯ ಡಬ್ಬ

ಆ ಒಂದು ಪದದ ಆಜ್ಞೆ ಕೊಟ್ಟ ಮೇಲೆ ಎರಡನೆಯ ಸದ್ದು ಕಳಚಿ ಬಂದದ್ದು ಮದುವೆಗೆ ವಾರವಿದ್ದಾಗ. ಲ್ಯಾಬಿನಲ್ಲಿ ನಾವಿಬ್ಬರೇ. ಮೊದಲು ಪಾತ್ರೆಯ ಸದ್ದು, ಮಕ್ಕಳ ಗಲಾಟೆ, ಯಾರೋ ಕೆಮ್ಮಿದರು. ಆಮೇಲೆ ಅತ್ತೆ ಪದ ಎತ್ತಿದರು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಪದ ಅರ್ಧಕ್ಕೆ ಬರುತ್ತಿದ್ದಂತೆ, ಸಾಕು, ನಿಲ್ಸಿ, ಉಳಿದದ್ದು ಅಮ್ಮನ ಜೊತೆ ಕೇಳ್ತೀನಿ ಅಂದಳು. ನಿಲ್ಲಿಸಿದೆ. ಪೂರ್ತಿ ಕೇಳಿ ಬೇಡದ್ದನ್ನು ಕತ್ತರಿಸಬೇಕಿತ್ತು ಅಂತ ಆಗ ಹೊಳೆಯಲಿಲ್ಲ.

ಅರಿಶಿನ ಶಾಸ್ತ್ರದ ದಿನ ಜಡೆಯ ಮನೆಯ ಮುಂದಿನ ಹಂದರದಲ್ಲಿ ಬಾಡಿಗೆಯ ಸ್ಪೀಕರಿಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಕೂತೆ. ಮದುಮಗಳನ್ನು ಹಸೆಯ ಮೇಲೆ ಕೂರಿಸಿದರು. ಹೆಂಗಸರು ಸುತ್ತ ಸೇರಿದರು. ಅತ್ತೆ ಎಂದಿನಂತೆ ಮುಂದಿನ ಸಾಲಿನಲ್ಲೇ ಕೂತರು. ನಾನು ಒತ್ತಿದೆ.

ಅತ್ತೆಯ ದನಿ ಹಂದರ ತುಂಬಿತು. ಮೊದಲ ಸಾಲು ಮುಗಿದಾಗ ಸ್ಪೀಕರಿನೊಳಗಿನ ಹೆಂಗಸರು ಮಾತ್ರ ಹಿಂದಿನಿಂದ ಹೇಳಿದರು. ಅವರಲ್ಲಿ ಒಬ್ಬಿಬ್ಬರು ಈಗ ಇಲ್ಲ. ಎರಡನೆಯ ಸಾಲಿಗೆ ಒಬ್ಬ ಮುದುಕಿ ದನಿ ಕೂಡಿಸಿದರು, ಮೂರನೆಯದಕ್ಕೆ ಎಲ್ಲರೂ. ಹದಿನೈದು ವರ್ಷದ ಹಿಂದಿನ ಅತ್ತೆ ಸಾಲು ಎತ್ತುತ್ತಾರೆ, ಇಂದಿನ ಹೆಂಗಸರು ಹಿಂದೆ ಹೇಳುತ್ತಾರೆ. ಅತ್ತೆಯ ತುಟಿ ಆಡುತ್ತಿತ್ತು. ನಾನು ತಲೆ ತಗ್ಗಿಸಿ ಪರದೆ ನೋಡುತ್ತಾ ಕೂತೆ. ಅಷ್ಟು ವರ್ಷ ಆ ದನಿ ಮನೆಯಲ್ಲೇ ಇತ್ತು, ಒಂದು ಸಲವಾದರೂ ಹಾಡಿ ಅತ್ತೆ ಅಂತ ಕೇಳಿರಲಿಲ್ಲವಲ್ಲ ಅಂತ ತುಂಬಾ ಸಂಕಟವಾಯಿತು.

ಪದ ಮುಗಿಯಿತು. ಕ್ಯಾಮೆರಾ ಮುಗಿದಿರಲಿಲ್ಲ. ಸ್ಪೀಕರಿನಲ್ಲಿ ಯಾರೋ ಹೆಂಗಸು ಅತ್ತೆಯನ್ನು ಕೇಳಿದರು, ಹುಡುಗ ಎಂಥ ಕೆಲಸ ಮಾಡ್ತಾನೆ ಅಂತ.

“ಕಂಪ್ಯೂಟರ್ ಮುಂದೆ ಕೂತಿರ್ತಾನಂತೆ,” ಅಂದರು ಸ್ಪೀಕರಿನ ಅತ್ತೆ.

“ಕೂತು ಎಂಥ ಮಾಡ್ತಾನೆ?”

“ಎಂಥದೂ ಇಲ್ಲ, ಕೂತೇ ಇರ್ತಾನಂತೆ. ಅದ್ಕೇ ಸಂಬ್ಳ ಕೊಡ್ತಾರಂತೆ ಕಣೆ.”

ಹಂದರವೆಲ್ಲ ನನ್ನ ಕಡೆ ತಿರುಗಿತು. ನಾನು ಆಗಲೂ ಕಂಪ್ಯೂಟರ್ ಮುಂದೆಯೇ ಕೂತಿದ್ದೆ. ನಗು ಎದ್ದದ್ದು ಬಸ್‌ಸ್ಟಾಪಿನವರೆಗೂ ಕೇಳಿರಬೇಕು. ಎಲ್ಲರಿಗಿಂತ ಜೋರಾಗಿ ನಕ್ಕವರು ಷಡ್ಡಕರು, ತೊಡೆ ತಟ್ಟಿಕೊಂಡು ನಕ್ಕರು. ನಾನು ನಿಲ್ಲಿಸಲು ಕೈ ಚಾಚಿದೆ. ಅತ್ತೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದೆ, ಸದ್ದಿಲ್ಲದೆ ಭುಜ ಕುಲುಕುತ್ತಿದೆ. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಹಾಡಿದ ದನಿಗಿಂತ ಈ ಹರಟೆಯ ದನಿಯೇ ಅವರದು. ಮನೆಯಲ್ಲಿ ಕಾಣೆಯಾಗಿದ್ದದ್ದೂ ಇದೇ ಅಂತ ನಮಗೆಲ್ಲ ಆಗ ಗೊತ್ತಾಯಿತು.

ಸ್ಪೀಕರಿನಲ್ಲಿ ಒಂದು ಮಗು ಅಜ್ಜಿ ಹಸಿವು ಅಂದಿತು. ಇನ್ನೊಂದು ಪದ ಇದೆ, ಸುಮ್ನಿರು, ಆಮೇಲೆ ಉಂಡೆ ಕೊಡ್ತೀನಿ ಅಂತ ಅತ್ತೆ ಗದರಿದರು. ಹಸೆಯ ಮೇಲಿದ್ದ ಮದುಮಗಳು ಅರಿಶಿನದ ಮುಖ ಎತ್ತಿ, ನಾನೇ ಅದು ಅಂದಳು. ಅಂದವಳೇ ಅತ್ತುಬಿಟ್ಟಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ಮುಂದಿನದು ತಪ್ಪಿಹೋದೀತು ಅಂತ ಎಲ್ಲರೂ ಸ್ಪೀಕರನ್ನೇ ನೋಡುತ್ತಿದ್ದರು. ಷಡ್ಡಕರು ಇನ್ನೂ ಕಣ್ಣೊರೆಸಿಕೊಂಡು, ಕೂತೇ ಇರ್ತಾರಂತೆ ಮಾರಾಯ್ರೆ ಅನ್ನುತ್ತಿದ್ದರು. ಆಗ ಸ್ಪೀಕರಿನ ಅತ್ತೆ ಬಿಟ್ಟ ಮಾತನ್ನು ಮತ್ತೆ ಹಿಡಿದರು.

“ಕೂತಿರ್ಲಿ ಬಿಡೆ. ಮಾತಾಡ್ಸಿದ್ರೆ ನೆಟ್ಟಗೆ ಉತ್ರ ಕೊಡ್ತಾನೆ. ನಮ್ ದೊಡ್ಡಳಿಯನ ಹಂಗೆ, ಹೆಂಗಿದೀರಿ ಅಂದ್ರೆ ಯೂರಿಯಾ ರೇಟು ಹೇಳಲ್ಲ.”

ಹಂದರದ ಕಂಬಗಳು ಅಲುಗಾಡಿದವು. ಷಡ್ಡಕರ ತೊಡೆಯ ಮೇಲಿನ ಕೈ ಅಲ್ಲೇ ನಿಂತಿತು. ಅತ್ತೆ ನನ್ನ ಕೈ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಹೆಂಗಸರು ಅದೊಂದನ್ನು ಇನ್ನೊಂದು ಸಲ ಹಾಕಿ ಅಂದರು, ಹಾಕಿದೆ. ಮತ್ತೊಂದು ಸಲ ಅಂದರು, ಮತ್ತೆ ಹಾಕಿದೆ. ಗಂಡಿನ ಕಡೆಯವರು ಅಷ್ಟರಲ್ಲಿ ಬಂದರು, ಅವರಿಗಾಗಿ ಇನ್ನೊಮ್ಮೆ.

ಊಟದ ಹೊತ್ತಿಗೆ ಷಡ್ಡಕರು ನನ್ನನ್ನು ಕಂಬದ ಮರೆಗೆ ಕರೆದರು. ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದರು:

“ಮಾರಾಯ್ರೆ, ಆ ಸಿನಿಮಾ ಹಾಡು ಮತ್ತೆ ಮೇಲೆ ಹಾಕೋಕೆ ಬರ್ತದಾ?”

“ಬರ್ತದೆ ಭಾವ,” ಅಂದೆ. “ಆದ್ರೆ ಅದ್ಕೊಂದು ಲೈಬ್ರರಿ ಬೇಕು, ಸೋರ್ಸ್‌ನಿಂದ್ಲೇ ಕಟ್ಬೇಕು. ನಿಮ್ಮ ಮೊಮ್ಮಗಳ ಮದ್ವೆ ಹೊತ್ತಿಗೆ ಆಗ್ಬಹುದು.”